ಯಂತ್ರ ತೆಗೆದ ಸುಣ್ಣ

ಕಾರ್ಖಾನೆಯ ನೀರಿಗೆ ಕರೆಂಟ್ ಹಾಯಿಸಿ ಅದರಲ್ಲಿ ಕರಗಿದ ಖನಿಜ ತೆಗೆಯುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಭಾಲ್ಕಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಅಂಥದೊಂದನ್ನು ಕೂಡಿಸಿದಾಗ, ಕಸ ಗುಡಿಸುವ ಕಾಶಮ್ಮ "ಇದು ಏನ್ ಮಾಡ್ತದ್ರಿ ಸಾಹೇಬ್ರ?" ಎಂದು ಕೇಳಿದ್ದಳು. ಖನಿಜ ಗಿನಿಜ ಯಾಕೆಂದು, "ನೀರಾಗಿನ ಸುಣ್ಣ ತೆಗಿತದವ್ವಾ" ಎಂದಿದ್ದೆ.

ಆಮೇಲೆ ತಿಂಗಳಿಗೊಮ್ಮೆ ಹೋಗಿ, ಯಂತ್ರದ ತಗಡಿಗೆ ಹತ್ತಿದ ಬಿಳಿ ರಾಡಿಯನ್ನು ಕೆರೆದು ಡಬ್ಬಿಗೆ ಹಾಕಿ ಬರುತ್ತಿದ್ದೆ. ಒಂದು ಸಲ ಕೈ ತೊಳೆದುಕೊಂಡು ತಿರುಗಿ ಬಂದರೆ, ಕಾಶಮ್ಮ ಆ ಡಬ್ಬಿಗೆ ಬೆರಳು ಅದ್ದಿ, ಎಲೆಗೆ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ನಾನು ಓಡಿ ಹೋದೆ.

"ಉಗುಳವ್ವಾ, ಮೊದ್ಲು ಉಗುಳು. ಆ ನೀರಿಗಿ ಏನೇನ್ ಔಷಧ ಹಾಕ್ತಾರೋ ಏನೋ."

"ಯಾಕ್ರಿ? ನೀವೇ ಸುಣ್ಣ ಅಂದಿದ್ರಲ್ಲ."

ಉಗುಳಿದಳು. ಗಡಿಬಿಡಿಯಲ್ಲಿ ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಅವಳು ಮಾತ್ರ ಸಾವಕಾಶ ಸೆರಗಿನಿಂದ ಬಾಯಿ ಒರೆಸಿಕೊಂಡು, "ಏನೇ ಅನ್ರಿ, ನಿಮ್ಮ ಸುಣ್ಣ ಚಲೊ ಇಲ್ರಿ. ಹೋದ ತಿಂಗಳದೂ ಹಿಂಗೇ ಇತ್ತು, ಬಾಯಿ ಕೆಂಪೇ ಆಗಂಗಿಲ್ಲ" ಎಂದಳು.

ಹೋದ ತಿಂಗಳದ್ದೂ. ಕೂಡಲೇ ಗಾಡಿ ತೆಗೆದೆ.

ದವಾಖಾನೆಗೆ ಕರೆದೊಯ್ದು ತೋರಿಸಿದೆ, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅಂದಿನಿಂದ ಸುಣ್ಣ ಎಂಬ ಮಾತನ್ನೇ ಬಿಟ್ಟೆ. ಔರಾದಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ಕೂಡಿಸುವಾಗ, "ಇದು ನೀರಿನೊಳಗಿನ ಲವಣ ತೆಗೆಯುತ್ತದೆ" ಎಂದು ಶುದ್ಧ ಪುಸ್ತಕದ ಭಾಷೆಯಲ್ಲಿ ಹೇಳಿದೆ.

ವಾಚ್‌ಮನ್ ಖುಷಿಯಾಗಿ ಕೇಳಿದ: "ಲವಣ ಅಂದ್ರ ಉಪ್ಪಲ್ರಿ? ಅಡಗಿಗಿ ನಡೀತದೇನ್ರಿ?"

ಸೀದಾ ಬಜಾರಿಗೆ ಹೋಗಿ ಡಬ್ಬಿಗೆ ಜಡಿಯಲು ಒಂದು ಕೀಲಿ ತಂದೆ.