ಖಾಲಿ ಕುರ್ಚಿ ದಾಟಿಸಿದ ಸ್ವರ

ಹಾಡಿನ ಟೀಚರ್‌ಗೆ ಎಡಗಿವಿ ಹೋಗಿ ಒಂಬತ್ತು ತಿಂಗಳಾಗಿತ್ತು. ಎರಡು ದಿನ ಜ್ವರ, ತಲೆಸುತ್ತು. ಮೂರನೆಯ ದಿನ ಆ ಕಡೆಯ ಲೋಕವೇ ಬಾಗಿಲು ಹಾಕಿಕೊಂಡಿತ್ತು. ಇನ್ನು ಅದು ತೆರೆಯುವುದಿಲ್ಲ ಎಂದರು ಡಾಕ್ಟರು. ಅವಳು ಗಂಡನಿಗೆ ಹೇಳಿದಳು, ದೇವರಿಗೆ ಹೇಳಿದಳು. ಶಾಲೆಯಲ್ಲಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ತರಗತಿಯ ಬೆಂಚುಗಳನ್ನೆಲ್ಲ ತನ್ನ ಬಲಕ್ಕೆ ಸರಿಸಿಕೊಂಡಳು. ಒಮ್ಮೆ ಎಡಗಡೆ ನಿಂತ ಹುಡುಗಿಯೊಬ್ಬಳು ಅಪಸ್ವರ ಹಾಡಿದ್ದಕ್ಕೆ ‘ಶಭಾಷ್’ ಎಂದುಬಿಟ್ಟು, ಮಕ್ಕಳೆಲ್ಲ ಕಿಸಕ್ಕನೆ ನಕ್ಕ ದಿನ, ಮನೆಗೆ ಹೋಗಿ ಊಟ ಮುಟ್ಟಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ. ಕಿವುಡಿ ಸಂಗೀತ ಕಲಿಸುತ್ತಾಳಂತೆ ಎಂದು ಯಾರಾದರೊಬ್ಬರು ಆಡಿದರೂ ಸಾಕು, ಮುಗಿಯಿತು.

ಹೊರಗಿನವರಲ್ಲಿ ಅವಳ ಗುಟ್ಟು ಗೊತ್ತಿದ್ದುದು ಪಿಟೀಲಿನ ಅಕ್ಕನಿಗೆ ಮಾತ್ರ. ಊರಿನ ಸಂಗೀತದ ಮೇಷ್ಟ್ರು, ಟೀಚರುಗಳನ್ನು ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಒಂದು ಶಾಲೆಯ ಚಿತ್ರಕಲೆ ಕೋಣೆಯಲ್ಲಿ ಕೂಡಿಸುವ ರೂಢಿ ಹಾಕಿದವರು ಆ ಅಕ್ಕನೇ. ಬಣ್ಣದ ವಾಸನೆಯ ನಡುವೆ ಏಳು ಕುರ್ಚಿಗಳ ಸುತ್ತು. ಮೊದಲು ಸ್ವರ ದಾಟಿಸಬೇಕು: ಒಬ್ಬರು ಷಡ್ಜ ಹಿಡಿದರೆ, ಅವರ ಉಸಿರು ಮುಗಿಯುವ ಮೊದಲೇ ಪಕ್ಕದವರು ಎತ್ತಿಕೊಂಡು, ಎಲ್ಲೂ ಕಡಿಯದೆ ಅದು ಸುತ್ತು ಬರಬೇಕು. ಆಮೇಲೆ, ಆ ಹದಿನೈದು ದಿನಗಳಲ್ಲಿ ತಮ್ಮ ಕೈಲಾಗದೆ ಹೋದದ್ದನ್ನು ಒಬ್ಬೊಬ್ಬರೂ ಹೇಳಬೇಕು; ಉಳಿದವರು ದಾರಿ ಹುಡುಕಿಕೊಡಬೇಕು.

ಅಕ್ಕನ ಷಡ್ಜ ಹಾರ್ಮೋನಿಯಂಗಿಂತ ಸದಾ ಕೂದಲೆಳೆಯಷ್ಟು ಕೆಳಗೆ. ಅದಕ್ಕೆ ಎಲ್ಲರೂ ಅವರನ್ನು ರೇಗಿಸುತ್ತಿದ್ದರು. ಅವರು ಕೂರುತ್ತಿದ್ದುದು ಹಾಡಿನ ಟೀಚರ್‌ನ ಎಡಕ್ಕೆ. ಫ್ಯಾನಿನ ಗರಗರದಲ್ಲಿ ಆ ಕಡೆಯ ದನಿ ಎಲ್ಲಿ ಮುಗಿಯಿತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅಕ್ಕ ತಮ್ಮ ಉಸಿರು ಮುಗಿಯುವ ಹೊತ್ತಿಗೆ, ಯಾರಿಗೂ ಕಾಣದಂತೆ, ಅವಳ ಮೊಣಕಾಲಿಗೊಂದು ಬೆರಳು ತಾಗಿಸುತ್ತಿದ್ದರು.

“ನಾನಂತೂ ಯಾರಿಗೂ ಹೇಳಲ್ಲ ಕಣೇ,” ಎಂದಿದ್ದರು ಒಮ್ಮೆ ಮೆಟ್ಟಿಲಿಳಿಯುತ್ತ. “ಆದ್ರೆ ನೀನೇ ಹೇಳೋವರೆಗೂ ನಿನ್ನ ಬಿಡೋದೂ ಇಲ್ಲ.”

ಅವಳು ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ತೀರಿಕೊಂಡರು.

ಮುಂದಿನ ಸಭೆಯ ದಿನ ಶಾಲೆಯ ಆಯಾ ಅಭ್ಯಾಸಬಲದಿಂದ ಏಳು ಕುರ್ಚಿಯನ್ನೇ ಹಾಕಿಟ್ಟಿದ್ದಳು. ಒಂದನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ಸ್ವರ ಹೊರಟಿತು. ಖಾಲಿ ಕುರ್ಚಿಯ ಆಚೆ ಇದ್ದ ಕೊಳಲಿನ ಮೇಷ್ಟ್ರು ಅದನ್ನು ಎತ್ತಿಕೊಂಡರು. ಅವರ ತುಟಿ ನೋಡಿಯಾದರೂ ತಿಳಿಯೋಣವೆಂದರೆ ಆ ದಪ್ಪ ಮೀಸೆ ಅಡ್ಡ. ಇವತ್ತು ಸಿಕ್ಕಿಬಿದ್ದೆ ಎಂದುಕೊಂಡು ಅವಳು ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದಳು.

ಆಗ ಕೇಳಿಸಿತು. ಒಂಬತ್ತು ತಿಂಗಳಿಂದ ಒಂದು ಸಪ್ಪಳವೂ ಹೊಗದಿದ್ದ ಎಡಗಿವಿಯೊಳಗೆ, ತುಸು ಒಡಕಾದ, ಸಣ್ಣನೆಯ ಷಡ್ಜ. ಮೊಣಕಾಲಿನ ಮೇಲೆ ಬೆರಳಿನಗಲದಷ್ಟು ಜಾಗ ತಣ್ಣಗಾಯಿತು. ಅವಳು ಸ್ವರ ಎತ್ತಿಕೊಂಡಳು. ಅದು ಅವಳಿಂದ ಮುಂದೆ ದಾಟಿ ಸುತ್ತು ಮುಗಿಸಿತು.

“ಟೀಚರೇ,” ಎಂದರು ಕೊಳಲಿನ ಮೇಷ್ಟ್ರು ಮೆಲ್ಲಗೆ, “ನಾನು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತಲ್ಲ. ನೀವು ಯಾರಿಂದ ತಗೊಂಡ್ರಿ?”

“ಒಂದು ಸಣ್ಣ ನಿದ್ದೆ ತೆಗೆದಿರ್ತಾಳೆ, ಬಿಡಿ,” ಎಂದಳು ಹಾರ್ಮೋನಿಯಂ ಟೀಚರ್. ಎಲ್ಲದಕ್ಕೂ ನಗೆ ಬೆರೆಸುವವಳು ಅವಳು. ತಬಲಾ ಮೇಷ್ಟ್ರಿಗೆ ತಿದಿ ಒತ್ತಲು ಹೇಳಿ, ತಾನು ಎಡಗೈಯಲ್ಲಿ ಷಡ್ಜ ಒತ್ತಿದಳು. ಬಲಗೈ ಶಾಲಿನೊಳಗೇ ಇತ್ತು. “ಎಲ್ಲಿ, ಇನ್ನೊಂದ್ಸಲ ಹಾಡು.”

ಹಾಡಿನ ಟೀಚರ್ ಹಾಡಿದಳು. ಹಾರ್ಮೋನಿಯಂ ಟೀಚರ್‌ನ ಮುಖದ ನಗೆ ಇಳಿಯಿತು.

“ಕೂದಲೆಳೆಯಷ್ಟು ಕೆಳಗಿದೆ. ಇದು ಅಕ್ಕನ ಷಡ್ಜ.”

ಎಲ್ಲರ ಕಣ್ಣೂ ಖಾಲಿ ಕುರ್ಚಿಯ ಕಡೆ ಹೋಯಿತು. ಫ್ಯಾನಿನ ಗಾಳಿಗೆ ಗೋಡೆಯ ಚಿತ್ರಗಳೆಲ್ಲ ಅಲುಗುತ್ತಿದ್ದವು. ಕುರ್ಚಿಯ ಹಿಂದಿನದೊಂದು ಮಾತ್ರ ಅಲುಗದೆ ನಿಂತಿತ್ತು.

“ನಂಗೆ ಎಡಗಿವಿ ಕೇಳಿಸಲ್ಲ,” ಎಂದಳು ಹಾಡಿನ ಟೀಚರ್. ಒಮ್ಮೆ ಬಾಯಿ ಬಿಟ್ಟಮೇಲೆ ಉಳಿದದ್ದೆಲ್ಲ ತಾನಾಗಿ ಬಂತು: ಜ್ವರ, ಬೆಂಚು, ಶಭಾಷ್, ಅಕ್ಕನ ಬೆರಳು.

“ಅಯ್ಯೋ ತಾಯಿ, ಇಷ್ಟು ದಿನ ಒಬ್ಬರೇ ಹೊತ್ಕೊಂಡು ತಿರುಗಿದ್ರಾ? ನಾವೇನು ಹುಲಿಗಳಾ?” ಎಂದರು ತಬಲಾ ಮೇಷ್ಟ್ರು. ಹಾರ್ಮೋನಿಯಂ ಮೇಲೆ ಅಂಗೈ ಇಟ್ಟರೆ ಅಪಸ್ವರ ಅದುರಿ ತಿಳಿಯುತ್ತದೆಂದು ತೋರಿಸಿಕೊಟ್ಟರು. ಅವಳ ಹೆಡ್‌ಮಿಸ್‌ಗೆ ಪತ್ರ ಬರೆದು ಐವರೂ ಸಹಿ ಹಾಕಿದರು. ಕೊಳಲಿನ ಮೇಷ್ಟ್ರು ತಾವೇ ಜೊತೆಗೆ ಹೋದರು. ಹೆಡ್‌ಮಿಸ್ ಪತ್ರ ಓದಿ ಕನ್ನಡಕ ತೆಗೆದಿಟ್ಟು, “ಇದಿಲ್ದಿದ್ರೆ ನಂಗೆ ನಿಮ್ಮ ಮುಖವೇ ಕಾಣಲ್ಲ. ನಾನೇನು ಕೆಲಸ ಬಿಟ್ಟಿದ್ದೀನಾ?” ಎಂದರಂತೆ.

ಮುಂದಿನ ಸಭೆಗೆ ಅವಳು ಹಗುರಾಗಿ ಬಂದಳು. ಎಡಕ್ಕೆ ಬೆರಳು ತಾಗಿಸುವ ಜೀವವೊಂದು ಬೇಕಲ್ಲ ಎಂದು ಅವಳನ್ನು ತಬಲಾ ಮೇಷ್ಟ್ರ ಪಕ್ಕ ಕೂರಿಸಿದರು. ಖಾಲಿ ಕುರ್ಚಿಯ ಪಕ್ಕದ ಅವಳ ಹಳೆಯ ಜಾಗಕ್ಕೆ ಹಾರ್ಮೋನಿಯಂ ಟೀಚರ್ ಬಂದಳು.

ಸ್ವರ ಹೊರಟು ಕೊಳಲಿನ ಮೇಷ್ಟ್ರವರೆಗೆ ಬಂದು ನಿಂತಿತು. ಹಾಡಿನ ಟೀಚರ್ ಕಾದಳು. ಎಡಗಿವಿ ಬರೀ ಗೋಡೆ. ಬಲಗಿವಿಗೂ ಫ್ಯಾನಿನ ಗರಗರ ಬಿಟ್ಟರೆ ಬೇರೇನಿಲ್ಲ. ಎದುರಿಗೆ ಹಾರ್ಮೋನಿಯಂ ಟೀಚರ್‌ನ ಕಣ್ಣುಗಳು ನಿಧಾನವಾಗಿ ಅಗಲವಾದವು. ಅವಳು ಬಾಯಿ ತೆರೆದು ಸ್ವರ ಎತ್ತಿಕೊಂಡಳು, ಕೂದಲೆಳೆಯಷ್ಟು ಕೆಳಗೆ.

ಸುತ್ತು ಮುಗಿದ ಮೇಲೆ ಅವಳೊಂದು ತಮಾಷೆ ಮಾಡಲು ನೋಡಿದಳು. ಅರ್ಧಕ್ಕೇ ಬಿಟ್ಟು, ಶಾಲನ್ನು ಬಲಗೈಗೆ ಇನ್ನಷ್ಟು ಸುತ್ತಿಕೊಂಡಳು.

ಹಾಡಿನ ಟೀಚರ್ ಎದ್ದುಹೋಗಿ ಅವಳ ಮುಂದೆ ಕೂತು, ಶಾಲಿನೊಳಗಿನ ಬಲಗೈಯನ್ನು ಹೊರಗೆ ತೆಗೆದಳು. ಎರಡು ಬೆರಳು ನಿಲ್ಲದೆ ನಡುಗುತ್ತಿದ್ದವು.

“ಹೇಳಿಬಿಡು,” ಎಂದಳು. “ಅಕ್ಕ ಬಿಡಲ್ಲ.”