ಅವ್ವ ತೊಳೆದ ಉಸುಕು

ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ನಾನು ಕೂಡಲೇ ಕುಡಿಯುವುದಿಲ್ಲ. ಲೋಟವನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಒಮ್ಮೆ ನೋಡುತ್ತೇನೆ. ಇದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದಳು, ಈಗಲೂ ಹೇಳುತ್ತಾಳೆ. ಹಾಗೆ ನೋಡಿದರೆ ಏನು ಕಾಣುತ್ತದೆ ಎಂದು ನೀವು ಕೇಳಬಹುದು. ಏನೂ ಕಾಣುವುದಿಲ್ಲ. ನೀರಿನಲ್ಲಿ ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಬೀಳುವುದೇ ಇಲ್ಲ ಎಂದು ತಿಳಿಯುವುದಕ್ಕಾಗಿಯೇ ನಾನು ವರ್ಷಗಟ್ಟಲೆ ಓದಿದ್ದು. ಆದರೂ ನೋಡುತ್ತೇನೆ. ಈ ಚಟ ಅಂಟಿದ್ದು ಕಾಲೇಜಿನಲ್ಲಲ್ಲ, ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ತಂಗಿ ನೀಲವ್ವನನ್ನು ನೋಡಲು ಶಹಾಪುರದಿಂದ ಬೀಗರು ಬಂದ ದಿನ.

ಆಗ ನಾನು ಹೈದರಾಬಾದಿನಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಕುಡಿಯುವ ನೀರನ್ನು ಶುದ್ಧ ಮಾಡುವುದು, ಊರಿನ ಹೊಲಸು ನೀರನ್ನು ಒಂದು ಕಡೆ ಸಾಗಿಸಿ ಸೋಸಿ ಬಿಡುವುದು, ಇದು ನಾನು ಆರಿಸಿಕೊಂಡ ವಿಷಯ. ಆರಿಸಿಕೊಂಡೆ ಎನ್ನುವುದು ಸ್ವಲ್ಪ ದೊಡ್ಡ ಮಾತು. ಸೇತುವೆ ಕಟ್ಟುವ ತರಗತಿಯಲ್ಲಿ ಜಾಣರೇ ತುಂಬಿಕೊಂಡಿದ್ದರು, ಮಿಕ್ಕವರಿಗೆ ನೀರು ಸಿಕ್ಕಿತು. ನಮ್ಮ ಪ್ರೊಫೆಸರರು ಪಾಠ ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ, ಬೈಯುತ್ತಿದ್ದುದು ಉರ್ದುವಿನಲ್ಲಿ, ನಾನು ಅರ್ಥ ಮಾಡಿಕೊಳ್ಳುತ್ತಿದ್ದುದು ಕನ್ನಡದಲ್ಲಿ. ಊರಿನ ಶಾಲೆಯಲ್ಲಿ ಉರ್ದುವಿನಲ್ಲೇ ಕಲಿತಿದ್ದರಿಂದ ಬೈಗುಳ ಮಾತ್ರ ಒಂದೂ ತಪ್ಪದೆ ತಿಳಿಯುತ್ತಿತ್ತು.

ಮನೆಯಲ್ಲಿ ಇದನ್ನು ವಿವರಿಸುವುದು ಪರೀಕ್ಷೆಗಿಂತ ಕಷ್ಟವಾಗಿತ್ತು. ನಮ್ಮದು ಕುರಿ ಸಾಕುವ ಮನೆ. ಅಪ್ಪ ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದ: "ಎಲ್ಲಾ ನೀರಿನಿಂದ ತೊಳೀತೇವಿ. ನೀರನ್ನ ಯಾತರಿಂದ ತೊಳೀತಿ?" ನಾಲ್ಕು ಪುಸ್ತಕಗಳು ಸುತ್ತಿ ಬಳಸಿ ಕೇಳುವ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿತ್ತು, ಆದರೆ ಹೇಳುವಂತಿರಲಿಲ್ಲ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಓಣಿಯವರಿಗೆ ಅಷ್ಟು ದೂರದ ಚಿಂತೆ ಇರಲಿಲ್ಲ. ಹುಡುಗ ಗಟಾರದ ಓದು ಓದುತ್ತಾನೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ನನಗೆ ಹೆಣ್ಣು ಕೊಡುವ ಉತ್ಸಾಹದಲ್ಲಿದ್ದ ಒಂದಿಬ್ಬರು ಆ ಸುದ್ದಿ ಕೇಳಿದ ಮೇಲೆ ನಮ್ಮ ಓಣಿಯಲ್ಲಿ ಹಾಯುವುದನ್ನೇ ಬಿಟ್ಟರು.

ಅದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿದ, ಎಲ್ಲವೂ ಕೂಡುವ, ಎಲ್ಲವೂ ಒಡೆಯುವ ವರ್ಷ. ದಸರೆಗೆ ಊರಿಗೆ ಬಂದಾಗ ನನ್ನ ಹಾಸ್ಟೆಲು, ನನ್ನ ಮನೆ ಎರಡೂ ಒಂದೇ ರಾಜ್ಯದಲ್ಲಿದ್ದವು. ಸಂಕ್ರಾಂತಿಗೆ ಬರುವಷ್ಟರಲ್ಲಿ ಹಾಸ್ಟೆಲು ಆಂಧ್ರಕ್ಕೆ, ಮನೆ ಮೈಸೂರಿಗೆ ಸೇರಿದ್ದವು. ರೈಲು ಅದೇ, ಯಾದಗಿರಿ ಸ್ಟೇಷನ್ನಿನ ಚಹಾ ಅದೇ, ಬಸ್ಸಿನ ಧೂಳು ಅದೇ. ಕಚೇರಿಗಳಲ್ಲಿ ಮಾತ್ರ ಕನ್ನಡ ಬಂದು ಕೂತಿತ್ತು, ಗುಮಾಸ್ತರು ಅದರ ಮುಂದೆ ಹೊಸ ಸೊಸೆಯ ಹಾಗೆ ಸಂಕೋಚಪಡುತ್ತಿದ್ದರು. ಏನು ಬದಲಾದೀತು, ಏನು ಉಳಿದೀತು ಯಾರಿಗೂ ಗೊತ್ತಿರಲಿಲ್ಲ. ಯಾರು ಯಾವ ವಿಚಿತ್ರ ನಿಯಮ ಹೇಳಿದರೂ, ಹೊಸ ಸರಕಾರದ್ದಿರಬೇಕು ಎಂದು ಜನ ನಂಬುತ್ತಿದ್ದರು. ನಿಮ್ಮ ಪದವಿ ಆ ಕಡೆ ನಡೆಯುತ್ತದೋ ಇಲ್ಲವೋ ಎಂದು ಹಾಸ್ಟೆಲಿನಲ್ಲಿ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುವುದೇ ನಮಗೆ ಸಂಜೆಯ ಆಟ.

ಬೀಗರ ವಿಷಯಕ್ಕೆ ಬರುತ್ತೇನೆ. ನೀಲವ್ವನನ್ನು ನೋಡಲು ಮೊದಲು ಎರಡು ಮನೆಯವರು ಬಂದು, ಅವಲಕ್ಕಿ ತಿಂದು, ಹೋದವರು ತಿರುಗಿ ಸುದ್ದಿಯನ್ನೇ ಕಳಿಸಿರಲಿಲ್ಲ. ಅವ್ವ ಅದನ್ನು ಎದೆಗೆ ಹಚ್ಚಿಕೊಂಡಿದ್ದಳು. ಮೂರನೆಯದು ಶಹಾಪುರದ ಮಲ್ಲಪ್ಪನವರ ಮನೆ. ಹುಡುಗ ಹತ್ತಿ ಮಾರುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ನೀಲವ್ವ ಅವನನ್ನು ಸುರಪುರದ ಸಂತೆಯಲ್ಲಿ ಒಮ್ಮೆ ಕಂಡಿದ್ದಳಂತೆ. ಕಂಡು ಏನೆನ್ನಿಸಿತು ಎಂದು ಅವಳು ಹೇಳಲಿಲ್ಲ, ಆದರೆ ಆ ಮನೆಯ ಮಾತು ಬಂದಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲುತ್ತಿತ್ತು.

ತೊಡಕು ಒಂದೇ. ಮಲ್ಲಪ್ಪನವರ ಹಿರಿಯ ಮಗ ಹಿಂದಿನ ಬೇಸಿಗೆಯಲ್ಲಿ ಯಾರದೋ ಮದುವೆಗೆ ಹೋಗಿ, ಅಲ್ಲಿ ನೀರು ಕುಡಿದು, ವಾಂತಿಭೇದಿಯಾಗಿ ತೀರಿಕೊಂಡಿದ್ದ. ಅಂದಿನಿಂದ ಅವರ ಮನೆಯವರು ಪರರ ಮನೆಯ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಬಂದವರಿಗೆ ಮೊದಲು ಕೈಗೆ ಕೊಡುವುದು ತುಂಬಿದ ತಂಬಿಗೆ. ಅದರ ನೀರು ಕುಡಿಯದೆ ಕೆಳಗಿಟ್ಟರೆ ಮುಂದಿನ ಮಾತೇ ಇಲ್ಲ. ಹೆಣ್ಣು ನೋಡಲು ಬಂದವರಂತೂ ಹಾಗೆ ಮಾಡಿದರೆ ಮುಖದ ಮೇಲೆ ಬೇಡವೆಂದ ಹಾಗೆಯೇ. ಮಧ್ಯಸ್ಥಿಕೆ ವಹಿಸಿದ್ದ ನಮ್ಮ ಸೋದರಮಾವ ಹೋಗಿ ಮಾತಾಡಿದಾಗ ಮಲ್ಲಪ್ಪನವರ ಹೆಂಡತಿ ಬಸವ್ವ ಹೇಳಿ ಕಳಿಸಿದ್ದರು: "ನಿಮ್ಮ ಹುಡುಗ ನೀರಿನ ಓದು ಓದ್ಯಾನಂತ. ಆತ ಕುಡೀರಿ ಅಂದ್ರ ಕುಡೀತೇವಿ."

ನನ್ನ ಓದಿನ ಮೇಲೆ ವಿಶ್ವಾಸ ಇಟ್ಟವರಲ್ಲಿ ಅವರೇ ಮೊದಲನೆಯವರು. ನನಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಭಯವೂ ಆಯಿತು.

ನೀರು ಕುದಿಸಿದರೆ ಆಗುತ್ತಿತ್ತಲ್ಲ ಎನ್ನುತ್ತೀರಿ. ನಾನೂ ಅಂದೆ. ಕುದಿಸಿ ಆರಿಸಿದ ನೀರು ಬಾಣಂತಿಗೆ, ಜ್ವರ ಬಂದವರಿಗೆ. ಶುಭಕಾರ್ಯಕ್ಕೆ ಬಂದವರಿಗೆ ಅದನ್ನು ಕೊಡುವುದುಂಟೆ ಎಂದು ಅವ್ವ ಕಿವಿ ಮುಚ್ಚಿಕೊಂಡಳು. ನನಗೂ ಒಳಗೊಳಗೆ ಅದು ಹಿತವಾಗಿತ್ತು. ಒಲೆ ಹೊತ್ತಿಸಿದರೆ ಮುಗಿಯುವ ಕೆಲಸಕ್ಕೆ ಹೈದರಾಬಾದಿನವರೆಗೆ ಹೋಗಿ ಓದಿದವನು ಯಾಕೆ ಬೇಕು?

ಹಾಗಾಗಿ ದಸರೆಯ ರಜೆಯಲ್ಲೇ ಸೋಸುವ ಹರವಿಯೊಂದನ್ನು ಕಟ್ಟಿದೆ. ಮೇಲೆ ಸಣ್ಣ ತೂತಿನ ಗಡಿಗೆ, ಕೆಳಗೆ ತಾಮ್ರದ ಕೊಡ, ನಡುವೆ ದೊಡ್ಡ ಮಣ್ಣಿನ ಹರವಿಯಲ್ಲಿ ಹರಳು, ಹರಳಿನ ಮೇಲೆ ಮೊಳದುದ್ದ ಹಳ್ಳದ ಉಸುಕು. ಬಾವಿಯ ನೀರು ಮೇಲಿನಿಂದ ಹನಿಹನಿಯಾಗಿ ಇಳಿದು ಕೊಡಕ್ಕೆ ಬರಬೇಕು. ಇದರ ಗುಟ್ಟು ಉಸುಕಿನಲ್ಲಿಲ್ಲ. ಕೆಲವು ವಾರ ನೀರು ಇಳಿದ ಮೇಲೆ ಉಸುಕಿನ ನೆತ್ತಿಯಲ್ಲಿ ಒಂದು ಲೋಳೆಯ ಪದರ ಕಟ್ಟುತ್ತದೆ. ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಮನೆ ಮಾಡಿಕೊಂಡು, ರೋಗ ತರುವ ಜೀವಗಳನ್ನು ಹಿಡಿದು ತಿಂದು ಮುಗಿಸುತ್ತವೆ. ಪ್ರೊಫೆಸರರು ಆ ಪದರಕ್ಕೆ ಬಾಯಿ ತುಂಬುವಂಥ ಒಂದು ಜರ್ಮನ್ ಹೆಸರು ಹೇಳುತ್ತಿದ್ದರು. ಬಹಳ ದಿನ ಭಕ್ತಿಯಿಂದ ಉರು ಹೊಡೆದ ಮೇಲೆ ಗೊತ್ತಾಯಿತು, ಆ ಹೆಸರಿನ ಅರ್ಥ ಹೊಲಸಿನ ಹೊದಿಕೆ ಎಂದಷ್ಟೇ. ಅಂದರೆ ಅಪ್ಪನ ಪ್ರಶ್ನೆಗೆ ಉತ್ತರ ಇದು: ನೀರನ್ನು ಹೊಲಸಿನಿಂದ ತೊಳೆಯುತ್ತೇವೆ.

ಇದನ್ನು ಅವ್ವನಿಗೆ ಹೇಗೆ ಹೇಳಲಿ? ಹೇಳಿದ್ದರೆ ಆ ನೀರನ್ನು ಕುರಿಗೂ ಕುಡಿಸುತ್ತಿರಲಿಲ್ಲ. ಹರವಿಗೆ ಕೈ ಹಚ್ಚಬೇಡ, ಮೇಲಿನ ಗಡಿಗೆ ಬರಿದಾಗಲು ಬಿಡಬೇಡ ಎಂದಷ್ಟೇ ಹೇಳಿ ರೈಲು ಹತ್ತಿದೆ. ಸಂಕ್ರಾಂತಿಗೆ ಬಂದು ಇಣುಕಿ ನೋಡಿದಾಗ ಪದರ ಕಂದು ಬಣ್ಣಕ್ಕೆ ತಿರುಗಿ, ನೋಡಿದರೆ ಅಸಹ್ಯವಾಗುವಷ್ಟು ಚೆನ್ನಾಗಿ ಕಟ್ಟಿತ್ತು. ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟಬೇಕೆನ್ನಿಸಿ ಕೈ ಹಿಂದೆ ತೆಗೆದುಕೊಂಡೆ.

ಮರುದಿನ ಬೀಗರನ್ನು ಎದುರುಗೊಳ್ಳಲು ಸೋದರಮಾವನೂ ನಾನೂ ಬಸ್‌ಸ್ಟ್ಯಾಂಡಿಗೆ ಹೋದೆವು. ಶಹಾಪುರದ ಬಸ್ಸು ತಡವಾಗಿ ಬಂತು. ಮಲ್ಲಪ್ಪನವರು ಮುಂದೆ, ಹುಡುಗ ಹಿಂದೆ, ಬಸವ್ವ ಕೊನೆಗೆ ಇಳಿದರು. ಬಿಸಿಲಲ್ಲಿ ಗುಡ್ಡದ ದಾರಿ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಎಲ್ಲರ ಗಂಟಲೂ ಒಣಗಿತ್ತು. ಅಂಗಳ ಸಾರಿಸಿತ್ತು. ಪಡಸಾಲೆಯಲ್ಲಿ ಹೊಸ ಕಂಬಳಿ ಹಾಸಿತ್ತು. ತಾಮ್ರದ ಕೊಡ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಹೊಳೆಯುತ್ತಿತ್ತು. ಅವರು ಕೈಕಾಲು ತೊಳೆಯುತ್ತಿದ್ದಾಗ ಅವ್ವ ನನ್ನನ್ನು ಬಾಗಿಲ ಮರೆಗೆ ಕರೆದು ಪಿಸುಗುಟ್ಟಿದಳು.

"ಬೀಗರು ಬರೋ ಮನಿ ಅಂತ ಹರವಿನೂ ತೊಳದೆ. ಉಸುಕಿನ ಮ್ಯಾಲ ಎಂಥಾ ಹೊಲಸು ಕುಂತಿತ್ತೋ ಯಪ್ಪಾ. ಎಲ್ಲಾ ತಗದು, ಉಸುಕು ತಿಕ್ಕಿ ತಿಕ್ಕಿ ತೊಳದು ಹಾಕೀನಿ. ಈಗ ನೋಡು, ನೀರು ಹೆಂಗ ಜಲ್ದಿ ಇಳ್ಯಾಕತ್ತದ."

ಇಳಿಯುತ್ತಿತ್ತು. ತಡೆಯುವವರು ಯಾರೂ ಇಲ್ಲದ ಮೇಲೆ ಇಳಿಯದೆ ಏನು? ಕೊಡದಲ್ಲಿದ್ದ ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಅದು ಉಸುಕಿನಲ್ಲಿ ಹಾದು ಬಂದ ಬರೀ ಬಾವಿನೀರು ಎಂಬುದು ಆ ಮನೆಯಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಅದರಲ್ಲಿ ರೋಗವಿದೆ ಎಂದು ನಾನು ಹೇಳಲಾರೆ. ಇಲ್ಲ ಎಂದೂ ಹೇಳಲಾರೆ. ಅವ್ವನನ್ನು ಬೈಯಲು ಬಾಯಿ ಬರಲಿಲ್ಲ. ಅವಳು ಮಾಡಿದ್ದು ಪ್ರಪಂಚದಲ್ಲಿ ಎಲ್ಲ ತಾಯಂದಿರೂ ಮಾಡುವ ಕೆಲಸ.

ಏನಾದರೂ ನೆವ ಹುಡುಕೋಣವೆಂದು ಪಡಸಾಲೆಗೆ ಬಂದರೆ ಸೋದರಮಾವ ಆಗಲೇ ತಂಬಿಗೆ ತುಂಬಿ ಬೀಗರ ಮುಂದೆ ಇಟ್ಟಿದ್ದ. ಮಲ್ಲಪ್ಪನವರು ಹೆಂಡತಿಯ ಮುಖ ನೋಡಿದರು. ಬಸವ್ವ ತಂಬಿಗೆಯನ್ನು ಕೈಗೆತ್ತಿಕೊಂಡರು. ಅಂಚಿನಿಂದ ನೀರು ತುಳುಕಿ ಕಂಬಳಿಯ ಮೇಲೆ ಬಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು.

"ತಮ್ಮಾ, ಕುಡೀಲೇನು?"

ನಾನು ಬರೆದ ಯಾವ ಪರೀಕ್ಷೆಯಲ್ಲೂ ಅಷ್ಟು ಸಣ್ಣ ಪ್ರಶ್ನೆ ಇರಲಿಲ್ಲ. ಹೂಂ ಎಂದರೆ ತಂಗಿಯ ಮದುವೆ. ಹೆಚ್ಚು ಕಡಿಮೆ ಏನೂ ಆಗುವುದಿಲ್ಲ, ಇಡೀ ಓಣಿ ಅದೇ ಬಾವಿಯ ನೀರು ಕುಡಿದು ಬದುಕಿದೆ ಎಂದು ಮನಸ್ಸು ವಕೀಲಿ ಮಾಡುತ್ತಿತ್ತು. ಬಾಗಿಲಲ್ಲಿ ಅವ್ವ ನಗುತ್ತಾ ನಿಂತಿದ್ದಳು. ಬಸವ್ವ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಬ್ಯಾಡ್ರಿ," ಎಂದೆ.

ಅಪ್ಪ ನೆಲ ನೋಡಿದ. ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಆದರೆ ಓದಿದವನ ಬಾಯಿ ಸುಮ್ಮನಿರುವಂಥದ್ದಲ್ಲ. ಪದರ, ಲೋಳೆ, ಕಣ್ಣಿಗೆ ಕಾಣದ ಜೀವಗಳು, ತೊಳೆದುಹೋದ ಉಸುಕು ಎಂದು ಇಡೀ ಪಾಠವನ್ನು ತೊದಲುತ್ತಾ ಒಪ್ಪಿಸಿದೆ. ಒಂದೊಂದು ವಾಕ್ಯಕ್ಕೂ ಅವ್ವನ ಮುಖ ಇಳಿಯುತ್ತಾ ಹೋಯಿತು. ಕೊನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಲ್ಲಪ್ಪನವರು ರುಮಾಲು ಸರಿ ಮಾಡಿಕೊಂಡರು. "ಹೊಲಸು ತೊಳದ್ರ ನೀರು ಕೆಡ್ತದಂದ್ರ, ಇದು ಯಾತರ ಓದು?" ಎಂದು ಗೊಣಗಿ ಏಳಲು ಮೊಣಕಾಲಿನ ಮೇಲೆ ಕೈ ಊರಿದರು.

ಆಗ ನೀಲವ್ವ ಹೊರಗೆ ಬಂದಳು. ನೋಡಬೇಕಾದ ಹೆಣ್ಣು ಕರೆಯುವವರೆಗೆ ಹೊರಗೆ ಬರುವಂತಿಲ್ಲ. ಅವಳನ್ನು ಯಾರೂ ಕರೆದಿರಲಿಲ್ಲ. ಸೀರೆ ಇನ್ನೂ ಅಡುಗೆಮನೆಯದೇ, ಹಣೆಯಲ್ಲಿ ಬೆವರು, ಕೈಯಲ್ಲಿ ಹಬೆಯಾಡುವ ಚಹಾದ ಕಪ್ಪು, ಅದರಡಿ ಬಶಿ. ನೇರವಾಗಿ ಬಸವ್ವನ ಮುಂದೆ ಕುಳಿತು, ತಂಬಿಗೆಯನ್ನು ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಕಪ್ಪನ್ನು ಇಟ್ಟಳು.

"ಇದು ಕುದಿಸಿದ್ದರಿ," ಎಂದಳು.

ನೀರು ಕೊಡದೆ ಚಹಾ ಕೊಡುವುದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಬಸವ್ವ ಚಹಾವನ್ನು ಬಶಿಗೆ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದರು. ಗಂಡನ ತೋಳು ಹಿಡಿದು ಕೂಡಿಸಿದರು. ಅವರ ಮಾತು ಗಂಡನಿಗೋ ನಮಗೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

"ನಮ್ಮ ದೊಡ್ಡ ಹುಡುಗಗ ಆ ದಿನ ಬ್ಯಾಡ ಅನ್ನೋರು ಯಾರೂ ಇದ್ದಿದ್ದಿಲ್ಲ."

ನನ್ನ ಕಣ್ಣು ತುಂಬಿತು. ನಾಚಿಕೆಯಾಗಿ ಎದ್ದು ಹೋಗಿ ಹರವಿಯ ಮುಂದೆ ನಿಂತೆ. ಅದರ ನೀರು ಇನ್ನೂ ಜಲ್ದಿ ಜಲ್ದಿ ಇಳಿಯುತ್ತಿತ್ತು.

ಆ ಬೇಸಿಗೆಯಲ್ಲೇ ನೀಲವ್ವನ ಮದುವೆಯಾಯಿತು. ಅದಕ್ಕೆ ಮೊದಲು ನನ್ನ ಪರೀಕ್ಷೆಯೂ ಮುಗಿದಿತ್ತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಉಸುಕಿನ ಸೋಸುವಿಕೆಗೆ ಅತಿ ದೊಡ್ಡ ಅಪಾಯ ಯಾವುದು ಎಂದು ಕೇಳಿದರು. ಪುಸ್ತಕದಲ್ಲಿ ಐದಾರು ಕಾರಣಗಳಿದ್ದವು. ನಾನು ಶುಚಿತ್ವ ಎಂದೆ. ಅವರು ಕನ್ನಡಕ ತೆಗೆದು ನೋಡಿದರು, ಆದರೆ ಪಾಸು ಮಾಡಿದರು. ಆ ಪದವಿ ಹೊಸ ರಾಜ್ಯದಲ್ಲೂ ನಡೆಯಿತು. ಮುಂದೆ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ನೌಕರಿಗೆ ಇದ್ದಾಗ ನೀರು ಸೋಸುವ ದೊಡ್ಡ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿದೆ. ಪ್ರತಿಯೊಂದಕ್ಕೂ ಬೇಲಿ ಹಾಕಿಸಿ ಬೀಗ ಜಡಿಸುತ್ತಿದ್ದೆ. ದನ ಬರದಿರಲಿ ಎಂದಿರಬೇಕು ಎಂದು ಜೊತೆಯವರು ಎಣಿಸಿದ್ದರು. ನನ್ನ ಭಯ ದನಗಳದ್ದಲ್ಲ.

ಮಲ್ಲಪ್ಪನವರಿಗೆ ಮಾತ್ರ ಶಹಾಪುರದಲ್ಲಿ ಒಂದು ತೊಂದರೆ ಎದುರಾಯಿತು. ಬೀಗರ ಮನೆಯಲ್ಲಿ ನೀರು ಕೊಡದೆ ಚಹಾ ಕೊಟ್ಟರಂತೆ ಎಂದು ಜನ ಕೇಳಿದಾಗ, ಹೊಲಸಿನ ಕತೆ ಹೇಳಲಾಗದೆ, ರಾಜ್ಯ ಬದಲಾದ ಮೇಲೆ ಪದ್ಧತಿಯೂ ಬದಲಾಗಿದೆ, ಮೈಸೂರು ಕಡೆ ಹೀಗೆಯೇ ಎಂದುಬಿಟ್ಟರು. ಆ ವರ್ಷ ಅದಕ್ಕಿಂತ ವಿಚಿತ್ರವಾದವುಗಳನ್ನು ಜನ ನಂಬಿದ್ದರು. ಎಷ್ಟೋ ಮನೆಗಳಲ್ಲಿ ಹೊಸ ಸರಕಾರಕ್ಕೆ ಮರ್ಯಾದೆ ಕೊಟ್ಟು ಮೊದಲು ಚಹಾ ಕೊಡತೊಡಗಿದರು. ನಿಜವಾದ ಮೈಸೂರಿನ ಅಧಿಕಾರಿಯೊಬ್ಬರು ಬಂದಾಗ ಬಾಯಾರಿ ನೀರು ಕೇಳಿ, ಚಹಾ ಸಿಕ್ಕಿ, ಇದು ಹೈದರಾಬಾದಿನವರ ಪದ್ಧತಿ ಇರಬೇಕೆಂದು ಸುಮ್ಮನೆ ಕುಡಿದರಂತೆ.

ಅವ್ವ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಆಮೇಲೆ ಹರವಿಯನ್ನು ಮುಟ್ಟಲಿಲ್ಲ, ನಂಬಲೂ ಇಲ್ಲ. ನಾನು ರಜೆಗೆ ಬಂದಾಗಲೆಲ್ಲ, ನಿನ್ನ ಹೊಲಸು ಹಂಗೇ ಅದ ನೋಡ್ಕೋ ಎಂದು ವರದಿ ಒಪ್ಪಿಸುತ್ತಿದ್ದಳು.

ಬಸವ್ವ ಬಹಳ ವರ್ಷ ಬದುಕಿದರು. ತಂಗಿಯನ್ನು ನೋಡಲು ಶಹಾಪುರಕ್ಕೆ ಹೋದಾಗ ಅವರು ತಮ್ಮದೇ ಮನೆಯ, ನೀಲವ್ವ ತನ್ನ ಕೈಯಾರೆ ಸೋಸಿದ ನೀರಿನ ತಂಬಿಗೆಯನ್ನು ಎತ್ತಿಕೊಂಡು, ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ ಕೇಳುತ್ತಿದ್ದರು: "ತಮ್ಮಾ, ಕುಡೀಲೇನು?" ಎದುರಿಗಿದ್ದವರು ನಗುತ್ತಿದ್ದರು, ಅವರೂ ನಗುತ್ತಿದ್ದರು. ನನಗೆ ಮಾತ್ರ ಪ್ರತಿಸಲವೂ ಎದೆ ಒಮ್ಮೆ ಡವಗುಟ್ಟುತ್ತಿತ್ತು. ಪದವಿ, ನೌಕರಿ, ಬಡ್ತಿ ಯಾವುದೂ ನೆರವಿಗೆ ಬರುತ್ತಿರಲಿಲ್ಲ. ತಂಬಿಗೆಯನ್ನು ಅವರ ಕೈಯಿಂದ ಇಸಿದುಕೊಂಡು, ಕಿಟಕಿಯ ಕಡೆ ಎತ್ತಿ ನೋಡಿ, ಮೊದಲು ನಾನು ಕುಡಿಯುತ್ತಿದ್ದೆ.