ಅರ್ಧಗಂಟೆಯ ಸ್ನಾನ

ಅವಳಿಗೆ 'ಅರ್ಧಗಂಟೆ' ಎಂಬ ಅಡ್ಡಹೆಸರಿಟ್ಟವಳು ಅವಳ ತಂಗಿಯೇ. ಹೋಟೆಲೊಂದರ ಲಾಂಡ್ರಿಯಲ್ಲಿ ಹಗಲೆಲ್ಲ ಚಾದರಗಳಿಗೆ ಇಸ್ತ್ರಿ ಹಾಕಿ, ಮಡಿಸಿ, ಪೇರಿಸಿ, ಸಂಜೆ ಆರಕ್ಕೆ ಮನೆಗೆ ಬಂದವಳೇ ಬಚ್ಚಲು ಸೇರಿ ಚಿಲಕ ಹಾಕಿಕೊಂಡಳೆಂದರೆ ಆಕಾಶವೇ ಕಳಚಿ ಬಿದ್ದರೂ ಅರ್ಧಗಂಟೆ ಹೊರಗೆ ಬರುವವಳಲ್ಲ. ಬರಬರುತ್ತ ಗಂಡ, ಅಕ್ಕಪಕ್ಕದವರು, ಲಾಂಡ್ರಿಯ ಹೆಂಗಸರು ಎಲ್ಲರೂ ಹಾಗೆಯೇ ಕರೆಯತೊಡಗಿದರು. ಅವಳೂ ಓಗೊಟ್ಟಳು.

ಆ ಅರ್ಧಗಂಟೆಗೆ ಅದರದೇ ಶಿಸ್ತಿತ್ತು. ಬಕೆಟ್ಟಿನ ಪಕ್ಕ ಮಣೆ ಹಾಕಿ ಕೂತು ಮೊದಲ ಚೊಂಬನ್ನು ಪಾದಕ್ಕೆ ಸುರಿಯಬೇಕು. ಆಮೇಲೆ ಮೊಣಕಾಲು, ಸೊಂಟ, ಭುಜ. ಒಂದು ಚೊಂಬಿಗೂ ಇನ್ನೊಂದಕ್ಕೂ ನಡುವೆ ಮೂರು ಉಸಿರು. ಕೊನೆಯ ಚೊಂಬನ್ನು ಕಣ್ಣು ಮುಚ್ಚಿ ಕತ್ತಿನ ಹಿಂದೆ ಸಣ್ಣ ಧಾರೆಯಾಗಿ ಇಳಿಬಿಟ್ಟಾಗ ಮೈಗೆ ಹತ್ತಿದ ಇಸ್ತ್ರಿಯ ಕಾವು, ಮೇಲ್ವಿಚಾರಕಿಯ ಕೊಂಕುಮಾತು ಎಲ್ಲವೂ ನೀರಿನ ಜೊತೆಗೇ ಹರಿದುಹೋಗುತ್ತಿತ್ತು. ಧ್ಯಾನ ಗೀನ ಎಂಬ ದೊಡ್ಡ ಮಾತೆಲ್ಲ ಅವಳಿಗೆ ಬಾರದು. "ತಲೆಯೊಳಗಿನ ಗದ್ದಲ ನಿಲ್ಲತ್ತೆ" ಅನ್ನುತ್ತಿದ್ದಳು, ಅಷ್ಟೆ.

ಮನೆಗಿದ್ದದ್ದು ಒಂದೇ ಬಚ್ಚಲು. ಮದುವೆಯಾಗದೆ ಅಕ್ಕನ ಜೊತೆಗೇ ಉಳಿದಿದ್ದ ತಂಗಿ, ಟೈಲರ್ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಬಚ್ಚಲ ಬಾಗಿಲು ತಟ್ಟುವಳು. ಎರಡೇ ಏಟು. ಎಮ್ಮೆ ನೀರಿಗಿಳಿದರೆ ಮೇಲೆ ಬರುವುದುಂಟಾ ಎಂದು ಛೇಡಿಸುವಳು. ಇನ್ನೂ ಹದಿನೈದು ನಿಮಿಷ ಇದೆ, ಹೋಗೆ ಎಂದು ಇವಳು ಒಳಗಿನಿಂದ ಕೂಗುವಳು. ತಂಗಿಗೆ ಸ್ನಾನದ ಅವಸರವೇನೂ ಇರುತ್ತಿರಲಿಲ್ಲ. ಒಮ್ಮೆ ತಟ್ಟದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಹನ್ನೊಂದು ವರ್ಷ ತಪ್ಪದೆ ನಡೆದ ಆಟ ಅದು.

ಆ ಸಂಜೆಯೂ ಎರಡು ಏಟು ಕೇಳಿಸಿತು. ಎಮ್ಮೆಯ ಮಾತು ಬರಲಿಲ್ಲ. ತಟ್ಟಿದ್ದೂ ಬಾಗಿಲಿನ ತೀರ ಕೆಳಗೆ, ಮೆಲ್ಲಗೆ. ಹೊಸದೇನೋ ನಾಟಕ ಹೂಡಿದ್ದಾಳೆ ಎಂದುಕೊಂಡು ಇವಳು ವಾಡಿಕೆಯ ಉತ್ತರವನ್ನೇ ಕೊಟ್ಟಳು. ಮತ್ತೆ ಎರಡು ಏಟು.

"ಹದಿನೈದು ನಿಮಿಷ ಅಂದ್ನಲ್ಲ" ಎಂದು ನಕ್ಕು, ಬೇಕೆಂದೇ ಕೊನೆಯ ಚೊಂಬನ್ನು ಇನ್ನಷ್ಟು ನಿಧಾನವಾಗಿ ಸುರಿದುಕೊಂಡಳು. ಸೀರೆ ಸುತ್ತಿಕೊಂಡು ಚಿಲಕ ತೆಗೆದಾಗ, ಬಾಗಿಲಿಗೆ ಒರಗಿ ಕೂತಿದ್ದ ತಂಗಿ ಒಳಗಡೆಗೆ, ಒದ್ದೆ ನೆಲದ ಮೇಲೆ ಬಿದ್ದಳು. ಕೈ ಎದೆಯನ್ನು ಹಿಡಿದುಕೊಂಡೇ ಇತ್ತು. ಜೀವವಿರಲಿಲ್ಲ.

ಮೊದಲ ಏಟಿಗೇ ತೆರೆದಿದ್ದರೂ ಉಳಿಯುವುದು ಕಷ್ಟವಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದ. ಗಾದೆ ಹೇಳುವುದು ಸುಲಭ. ಚಿಲಕದ ಒಳಗೆ ಕೂತು ನಕ್ಕವಳು ಅವಳು ತಾನೆ.

ಅಂದಿನಿಂದ ಅವಳದು ಕಾಗೆ ಸ್ನಾನ. ಬಾಗಿಲು ಅರ್ಧ ತೆರೆದಿಟ್ಟು ನಾಲ್ಕು ಚೊಂಬು ಹುಯ್ದುಕೊಂಡರೆ ಮುಗಿಯಿತು. ಆದರೂ ನೀರಿನ ಸದ್ದು ನಿಂತೊಡನೆ ಎರಡು ಏಟು ಕೇಳಿಸುತ್ತಿತ್ತು, ಕೆಳಗೆ, ಮೆಲ್ಲಗೆ. ಸೋಪಿನ ಮೈಯಲ್ಲೇ ಹೊರಗೆ ಓಡಿ ಬರುವಳು. ಯಾರೂ ಇರುತ್ತಿರಲಿಲ್ಲ. ಮರ ಉಬ್ಬಿರಬೇಕೆಂದು ಗಂಡ ಬಾಗಿಲ ಅಂಚನ್ನು ಉಜ್ಜಿದ. ಅದಕ್ಕೂ ಬಗ್ಗದಿದ್ದಾಗ ಬಾಗಿಲನ್ನೇ ಕಳಚಿ ಪರದೆ ಕಟ್ಟಿದ. ಬಟ್ಟೆಯ ಪರದೆಯ ಮೇಲೂ ಮರಕ್ಕೆ ತಟ್ಟಿದಂತೆ ಎರಡು ಏಟು ಬಿತ್ತು. ಗಂಡ ಬಾಗಿಲನ್ನು ಮತ್ತೆ ಕೂರಿಸಿದ.

ವರ್ಷ ಕಳೆಯುವಷ್ಟರಲ್ಲಿ ಅವಳ ಬೆನ್ನು ಸೆಟೆದು ಹಲಗೆಯಾಯಿತು. ಚಾದರವೊಂದನ್ನು ಇಬ್ಬರು ಎದುರುಬದುರು ನಿಂತು ಮಡಿಸುವಾಗ ಅವಳ ಕಡೆಯ ಅಂಚು ನೆಲಕ್ಕೆ ಬೀಳುತ್ತಿತ್ತು. ನಿದ್ದೆ ದೂರವಾಯಿತು. ಬೀದಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಬೆನ್ನು ಒತ್ತಿ ನೋಡಿ, ದಿನವೂ ಬಾಗಿಲು ಹಾಕಿಕೊಂಡು ಅರ್ಧಗಂಟೆ ಬಿಸಿನೀರಿನಲ್ಲಿ ಮೈ ಸಡಿಲ ಬಿಡಿ, ಏನನ್ನೂ ಯೋಚಿಸಬೇಡಿ ಎಂದರು. ಪಾಪ, ಅವರಿಗೇನು ಗೊತ್ತು. ಹತ್ತು ಮಾತ್ರೆ ಕೊಟ್ಟಿದ್ದರೂ ಅವಳು ಕಣ್ಣುಮುಚ್ಚಿ ನುಂಗುತ್ತಿದ್ದಳು. ಒಳಗೆ ಕೂತರೆ ಆ ದಿನದ ಪಾಪವನ್ನೇ ಇನ್ನೊಮ್ಮೆ ಮಾಡಿದ ಹಾಗೆ. ಕೂರದಿದ್ದರೆ ಬೆನ್ನೂ ಇಲ್ಲ, ನಿದ್ದೆಯೂ ಇಲ್ಲ, ಕೈಲಿರುವ ಕೆಲಸವೂ ಇಲ್ಲ.

ಮೂರು ದಿನ ಮುಂದೂಡಿ ನಾಲ್ಕನೆಯ ಸಂಜೆ ಮಣೆ ಹಾಕಿದಳು. ಚಿಲಕ ಹಾಕಿದಳು. ಪಾದಕ್ಕೊಂದು ಚೊಂಬು, ಮೂರು ಉಸಿರು. ಮೊಣಕಾಲು. ಸೊಂಟ. ಭುಜಕ್ಕೆ ಸುರಿದುಕೊಂಡು ನೀರಿನ ಸದ್ದು ನಿಂತಾಗ ಕೇಳಿಸಿತು, ಎರಡು ಏಟು.

ಕೈ ಚಿಲಕದವರೆಗೂ ಹೋಯಿತು. ಅಲ್ಲೇ ನಿಂತಿತು. ಆ ದಿನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು, ಕೇಳಬೇಕಾದ್ದನ್ನು ಕೇಳಿರಲಿಲ್ಲ.

"ಯಾಕೆ ಪುಟ್ಟಿ, ಏನಾಯ್ತು?" ಎಂದಳು.

 ಆಚೆಯಿಂದ ದಣಿದವರು ಯಾರೋ ಒರಗಿಕೊಂಡಂತೆ ಬಾಗಿಲು ಸಣ್ಣಗೆ ಕಿರುಗುಟ್ಟಿತು. ಅವಳು ಮಣೆಯನ್ನು ಎಳೆದುಕೊಂಡು, ನೋವಿನ ಬೆನ್ನನ್ನು ಈಚೆಯಿಂದ ಅದೇ ಹಲಗೆಗೆ ಆನಿಸಿ ಕೂತಳು. ಕಣ್ಣು ಮುಚ್ಚಿ ಕೊನೆಯ ಚೊಂಬನ್ನು ಕತ್ತಿನ ಹಿಂದೆ ಇಳಿಬಿಟ್ಟಳು. ವರ್ಷದ ಮೇಲೆ ಮೊದಲ ಸಲ ಬೆನ್ನು ಸಡಿಲವಾಯಿತು.

ಅರ್ಧಗಂಟೆ ಕಳೆಯಿತು. ಬಕೆಟ್ಟಿನ ನೀರು ಆರಿತು. ಊಟಕ್ಕೆ ಬಾ ಎಂದು ಗಂಡ ಅಡುಗೆಮನೆಯಿಂದ ಎರಡು ಸಲ ಕರೆದ. ಅವಳು ಚಿಲಕಕ್ಕೆ ಕೈ ಹಾಕಲಿಲ್ಲ. ತೆರೆದರೆ ತಂಗಿ ಮತ್ತೆ ಬೀಳುತ್ತಾಳೆ.